ಚೀಟಿಯ ಮೇಲಿನ ಪ್ರಾಣಿ, ಹೊಸ್ತಿಲ ಬಳಿಯ ಮಕ್ಕಳು

ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಅಂಗೈಯಗಲದ ದಪ್ಪ ಕಾಗದ, ಅದರ ಮೇಲೊಂದು ಕಪ್ಪು ಚೌಕ, ಚೌಕದೊಳಗೆ ಅಡ್ಡಾದಿಡ್ಡಿ ಬಿಳಿ ಚುಕ್ಕಿಗಳು. ನಮ್ಮ ಬಂಟ್ವಾಳದ ಬಿ.ಸಿ. ರೋಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದು. ಅಂಗಡಿಯವರು ಅದಕ್ಕೆ ತಮ್ಮ ಮೊಬೈಲು ಹಿಡಿದು, "ಇದು ಸ್ಕ್ಯಾನ್ ಆಗುವುದಿಲ್ಲ ಮಾರಾಯ್ತಿ, ಹಾಳಾದ ಕೋಡ್" ಎಂದಿದ್ದರು. "ನಿಮ್ಮ ಮೊಬೈಲಿಗೆ ಆಗುವುದಿಲ್ಲ, ನನ್ನ ಯಂತ್ರಕ್ಕೆ ಆಗ್ತದೆ" ಎಂದು ಅಲ್ಲಿಯೂ ನಾನು ಐದು ನಿಮಿಷ ವಾದ ಮಾಡಿದ್ದೆ. ವಾದ ಮಾಡದೆ ನಾನು ಯಾವ ಅಂಗಡಿಯಿಂದಲೂ ಹೊರಗೆ ಬಂದವಳಲ್ಲ.

ಯಂತ್ರ ಎಂದರೆ ಕೈಯಲ್ಲಿ ಹಿಡಿದು ಆಡುವ ಗೇಮಿನ ಯಂತ್ರ. ಕನ್ನಡಕದ ಡಬ್ಬಿಯಂತೆ ಮಡಚುತ್ತದೆ, ಬಿಡಿಸಿದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಬೆಳ್ತಂಗಡಿಯ ಅತ್ತೆಯ ಗಂಡ, ನಮ್ಮ ಮಾವ, ಗಲ್ಫಿನಿಂದ ರಜೆಯಲ್ಲಿ ಬಂದಾಗ ತಂದದ್ದು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅದರಲ್ಲಿ ಒಂದು ಆ್ಯಪ್ ಇತ್ತು. ಲೋಕದಲ್ಲಿ ಇಲ್ಲದ ಪ್ರಾಣಿಗಳನ್ನು ಒಂದೊಂದಾಗಿ ಸಂಗ್ರಹಿಸುವುದು, ಸಂಗ್ರಹಿಸಿದ್ದನ್ನು ತಿರುಗಿಸಿ ಮುರುಗಿಸಿ ನೋಡುವುದು, ಇಷ್ಟೇ ಅದರ ಕೆಲಸ. ಚೀಟಿಯನ್ನು ಮೇಜಿನ ಮೇಲಿಟ್ಟು ಯಂತ್ರದ ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ನಮ್ಮದೇ ಮೇಜು, ನಮ್ಮದೇ ಉಪ್ಪಿನಕಾಯಿ ಭರಣಿ, ಅದರ ಪಕ್ಕದಲ್ಲಿ ಆ ಪ್ರಾಣಿ. ಕೈ ಚಾಚಿದರೆ ಸಿಗುತ್ತದೆ ಎನ್ನುವ ಹಾಗೆ ಎದ್ದು ನಿಂತಿರುತ್ತಿತ್ತು. ಸಿಗದವುಗಳ ಜಾಗದಲ್ಲಿ ಪಟ್ಟಿಯಲ್ಲಿ ಕಪ್ಪು ನೆರಳು ಮಾತ್ರ. ಕೆಲವು ಹಿಂದೆ ನೆಟ್ಟಿನ ಮೂಲಕ ಬರುತ್ತಿದ್ದವಂತೆ. ಕಂಪನಿ ಆ ಸೇವೆಯನ್ನು ಎಂದೋ ನಿಲ್ಲಿಸಿತ್ತು. ಹಾಗಾಗಿ ನನ್ನ ಪಟ್ಟಿ ಎಂದೂ ಪೂರ್ತಿಯಾಗಲಾರದು ಎಂದು ಗೊತ್ತಿದ್ದೂ, ಯಾರೋ ಹಂಚಿಕೊಂಡ ಚೀಟಿಗಳನ್ನು ಪ್ರಿಂಟ್ ಹಾಕಿಸುತ್ತ, ಕಾಲೇಜಿಗೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಪ್ರತಿ ಪ್ರಾಣಿಯ ಹೆಸರು, ಅದರ ಕೂಗು, ಅದು ಏನು ತಿನ್ನುತ್ತದೆ ಎಂಬುದು ನನಗೆ ಬಾಯಿಪಾಠ.

ಕಾಲೇಜು ಮೂಡುಬಿದಿರೆಯಲ್ಲಿ. ಅಲ್ಲಿ ನಾನು ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗೆ ಹೋದದ್ದೇ ಹೆಚ್ಚು. ನಮಗೆ ತರಬೇತಿ ಕೊಡುತ್ತಿದ್ದ ಮೇಷ್ಟ್ರು ಒಂದು ಪಾಠವನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಎದುರಾಳಿ ಅರ್ಧ ಹೆಜ್ಜೆ ಹಿಂದಿಟ್ಟರೆ ಸಾಕು, ಅದನ್ನು ಪೂರ್ತಿ ಹೆಜ್ಜೆ ಎಂದು ಸಭೆಗೆ ಸಾರಿಬಿಡಿ. ಆ ಪಾಠ ನನಗೆ ಚೆನ್ನಾಗಿ ಹತ್ತಿತ್ತು. ನಮ್ಮ ಮನೆಮಾತು ತುಳು. ಆದರೆ ಮನೆಯಲ್ಲಿ ಯಾರೊಂದಿಗಾದರೂ ಗೆಲ್ಲಲೇಬೇಕು ಎಂದಾದಾಗ ನಾನು ಕನ್ನಡಕ್ಕೆ ಜಿಗಿಯುತ್ತಿದ್ದೆ. ತುಳುವಿನಲ್ಲಿ ವಾದ ಮಾಡಿದರೆ ಅರ್ಧದಲ್ಲಿ ನಗು ಬರುತ್ತದೆ, ಇಲ್ಲವೇ ಊಟಕ್ಕೆ ಹೊತ್ತಾಗುತ್ತದೆ. ಕನ್ನಡದಲ್ಲಿ ಅಮ್ಮನಿಗೆ ಆಫೀಸಿನ ನೆನಪು, ಅಜ್ಜಿಗೆ ಶಾಲೆಯ ನೆನಪು. ಇಬ್ಬರೂ ಸ್ವಲ್ಪ ನೆಟ್ಟಗೆ ಕೂತು, ಸ್ವಲ್ಪ ನಿಧಾನವಾಗಿ ಮಾತಾಡುತ್ತಿದ್ದರು. ನಿಧಾನವಾಗಿ ಮಾತಾಡುವವರನ್ನು ಸೋಲಿಸುವುದು ಸುಲಭ.

ಮಳೆಗಾಲ ಶುರುವಾದ ಮೊದಲ ವಾರಗಳಲ್ಲಿ ಅಮ್ಮ ಫೋನ್ ಮಾಡಿದ್ದರು. ಅಜ್ಜಿ ದಿನಾ ಮಧ್ಯಾಹ್ನ ಒಂದು ತುಂಡು ಬಾಳೆಲೆಯಲ್ಲಿ ಅನ್ನ, ಸ್ವಲ್ಪ ಮೀನಿನ ಸಾರು ಹಾಕಿ ಮನೆಯ ಮುಂದಿನ ಚಾವಡಿಯ ಹೊಸ್ತಿಲ ಬಳಿ ಇಡುತ್ತಿದ್ದಾರೆ. ಬೆಕ್ಕಿಗೋ ಎಂದು ಕೇಳಿದರೆ ಅಲ್ಲ ಅನ್ನುತ್ತಾರೆ. ಎರಡು ದಿನ ಕಳೆದು ಕಾರಣವೂ ಗೊತ್ತಾಯಿತು. ಹೊಸ್ತಿಲ ಬಳಿ ಮಕ್ಕಳು ಬಂದು ನಿಲ್ಲುತ್ತಾರಂತೆ. ಮೂರೋ ನಾಲ್ಕೋ. ಒಳ್ಳೊಳ್ಳೆಯ ಬಟ್ಟೆ, ತಲೆಯಲ್ಲಿ ಬಣ್ಣದ ಟೊಪ್ಪಿ. ಒಬ್ಬಳಿಗೆ ಕೆಂಪು ಫ್ರಾಕ್. ಯಾರೂ ತುಟಿ ಬಿಚ್ಚುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಯಂದು ನಾವು ತೀರಿಹೋದವರಿಗೆ ಬಡಿಸುತ್ತೇವೆ. ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಬಡಿದು ಸದ್ದು ಮಾಡಿಯೇ ಒಳಗೆ ಹೋಗುವುದು. ಉಣ್ಣುವವರಿಗೆ ಏಳಲು ಸಮಯ ಬೇಕಲ್ಲ. ಆ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಎಲೆ ಇರುತ್ತದೆ. ಅದು ಅಜ್ಜಿಯ ಮೊದಲ ಮಗಳದ್ದು. ಅಪ್ಪ ಹುಟ್ಟುವ ಮೊದಲೇ, ಆರು ವರ್ಷದವಳಿರುವಾಗ ಜ್ವರದಲ್ಲಿ ಹೋದವಳು. ಹಾಗಾಗಿ ಮಾತಾಡದ ಮಕ್ಕಳು ಬಂದು ಹೊಸ್ತಿಲಲ್ಲಿ ನಿಂತರೆ ಅಜ್ಜಿಗೆ ಹೊಳೆದದ್ದು ಒಂದೇ. ಹಸಿವಾಗಿರಬೇಕು.

ಮಳೆಗೆ ರಜೆ ಘೋಷಿಸಿದ ಒಂದು ದಿನ ನಾನು ಹಾಸ್ಟೆಲಿನಿಂದ ಬಂಟ್ವಾಳಕ್ಕೆ ಬಂದೆ. ಹೊಳೆ ಕೆಳಗಿನ ರಸ್ತೆಗೆ ಹತ್ತಿತ್ತು, ಬಸ್ಸು ಸುತ್ತಿ ಬಂತು. ಅತ್ತೆ, ಅಪ್ಪನ ತಂಗಿ, ನನಗಿಂತ ಮೊದಲೇ ಬೆಳ್ತಂಗಡಿಯಿಂದ ಬಂದು ಚಾವಡಿಯಲ್ಲಿ ಕೂತಿದ್ದರು.

"ಪ್ರಶ್ನೆ ಇಡಿಸುವ" ಎಂದರು ಅತ್ತೆ. ಜೋಯಿಸರನ್ನು ಕರೆಸಿ ಕವಡೆ ಹಾಕಿಸಿ ಕೇಳುವುದು. "ತೀರಿಹೋದ ಅಕ್ಕ ಎಂತದೋ ಕೇಳ್ತಾ ಇದ್ದಾಳೆ. ನಾವು ಕೇಳಿಸಿಕೊಳ್ಳದಿದ್ರೆ ನಾಳೆ ಇನ್ನೊಂದು ಆಗ್ತದೆ."

"ಇನ್ನೊಂದು ಅಂದ್ರೆ ಎಂತ ಅತ್ತೆ? ಸ್ಪಷ್ಟ ಹೇಳಿ. ಆಗದಿದ್ರೆ ನೀವು ತಪ್ಪು ಅಂತ ಒಪ್ತೀರಾ?"

"ಬಂದ್ಲಪ್ಪ ಚರ್ಚೆಯಲ್ಲಿ ಕಪ್ಪು ಗೆದ್ದವಳು! ಬ್ಯಾಗು ಕೆಳಗಿಡು ಮೊದಲು."

ಅಮ್ಮ ಎರಡೂ ಕಡೆಗಿಲ್ಲ. "ಮಾಮಿಗೆ ಸಮಾಧಾನ ಆಗ್ತದಾದ್ರೆ ಮಾಡಿಸುವ" ಎಂದರು; ಅಜ್ಜಿಯನ್ನು ಅಮ್ಮ ಕರೆಯುವುದು ಮಾಮಿ ಎಂದು. ಅಜ್ಜಿ ಹೂ ಕಟ್ಟುತ್ತಿದ್ದವರು ತಲೆಯೆತ್ತಲಿಲ್ಲ. ಎರಡು ಹೂವಿನ ನಡುವೆ ಒಂದು ಬೆರಳಷ್ಟು ಬರೀ ನಾರು ಇತ್ತು. ಅದನ್ನು ನಾನು ಕಂಡಿದ್ದೆ. ಕಂಡು, ಅಜ್ಜಿಗೆ ಇತ್ತೀಚೆಗೆ ಉದಾಸೀನ ಎಂದು ತೀರ್ಮಾನಿಸಿದ್ದೆ.

ನನಗೆ ಕೋಪ ಬಂದದ್ದು ನಿಜ. ಆದರೆ ಕೋಪಕ್ಕಿಂತ ಹೆಚ್ಚಾಗಿ ಒಂದು ಉಪಾಯ ಬಂದಿತ್ತು, ಉಪಾಯದ ಖುಷಿ ಇತ್ತು. ಬ್ಯಾಗಿನಿಂದ ಯಂತ್ರ ತೆಗೆದೆ. ಊಟದ ಮೇಜನ್ನು ಒರೆಸಿ ಚೀಟಿ ಇಟ್ಟೆ. ಮೂವರನ್ನೂ ಕರೆದು ಕೂರಿಸಿ, ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲಿ ಶುರುಮಾಡಿದೆ.

"ಇಲ್ಲಿ ಮೇಜಿನ ಮೇಲೆ ಎಂತ ಉಂಟು? ಬರೀ ಕಾಗದ. ಒಪ್ತೀರಾ? ಈಗ ಇದರಲ್ಲಿ ನೋಡಿ."

ಮೊಲದ ಕಿವಿ, ಆಮೆಯ ಹೊಟ್ಟೆ, ಮೋಟು ಬಾಲದ ನೀಲಿ ಪ್ರಾಣಿಯೊಂದು ಭರಣಿಯ ಪಕ್ಕ ಕೂತು ಆಕಳಿಸಿತು. ಅತ್ತೆ "ಅಯ್ಯೋ" ಎಂದು ಪರದೆಯ ಮುಂದೆ ಗಾಳಿಯಲ್ಲಿ ಬೆರಳಾಡಿಸಿದರು. "ಎದ್ದು ಬರ್ತದಲ್ಲ ಮಾರಾಯ್ತಿ! ಹೇಗೆ ಇದು?"

"ಇದರಲ್ಲಿ ದೆವ್ವ ಇಲ್ಲ ಅತ್ತೆ. ಬಲಗಣ್ಣಿಗೆ ಒಂದು ಚಿತ್ರ, ಎಡಗಣ್ಣಿಗೆ ಒಂದು ಚಿತ್ರ ಕಳಿಸ್ತದೆ. ಎರಡನ್ನೂ ಸೇರಿಸಿ ತಲೆ ಮೋಸ ಹೋಗ್ತದೆ. ಒಂದು ಕಣ್ಣು ಮುಚ್ಚಿ ನೋಡಿ, ಚಪ್ಪಟೆ ಆಗ್ತದೆ."

ಅತ್ತೆ ಒಂದು ಕಣ್ಣು ಮುಚ್ಚಿದರು. "ಹೌದು ಮಾರಾಯ್ತಿ, ಕ್ಯಾಲೆಂಡರಿನ ಹಾಗೆ ಆಯ್ತು." ಕಣ್ಣು ಬಿಟ್ಟರು. "ಈಗ ಬಂತು!" ಮುಚ್ಚಿ, ಬಿಟ್ಟು, ಮುಚ್ಚಿ, ಬಿಟ್ಟು ನಕ್ಕರು. ಅಮ್ಮನೂ ನೋಡಿ ನಕ್ಕರು.

ಯಂತ್ರ ಅಜ್ಜಿಯ ಕೈಗೆ ಹೋಯಿತು. ಅವರು ಅದನ್ನು ನೇರ ಹಿಡಿಯಲಿಲ್ಲ. ಕೋಳಿ ಕಾಳು ನೋಡುವ ಹಾಗೆ ಮುಖವನ್ನು ಒಂದು ಬದಿಗೆ ತಿರುಗಿಸಿ ಹಿಡಿದರು. ತುಂಬ ಹೊತ್ತು ನೋಡಿದರು.

"ಎದ್ದು ಬರುವುದು ಎಲ್ಲಿ? ಚಪ್ಪಟೆ ಉಂಟಲ್ಲ ಮಗಾ."

"ನೇರ ಹಿಡೀರಿ ಅಜ್ಜಿ."

"ನೇರವೇ ಹಿಡಿದಿದ್ದೇನೆ. ಬಟ್ಟೆಯಲ್ಲಿ ಹೊಲಿದ ಚಿತ್ರದ ಹಾಗೆ ಉಂಟು."

ಎರಡು ನಿಮಿಷದ ಹಿಂದೆ ನಾನೇ ಹೇಳಿದ್ದೆ. ನನ್ನ ಬಾಯಿಂದಲೇ ಬಂದಿತ್ತು, ಒಂದು ಕಣ್ಣು ಮುಚ್ಚಿದರೆ ಚಪ್ಪಟೆ ಎಂದು. ಎರಡು ಕಣ್ಣೂ ಬಿಟ್ಟುಕೊಂಡು ನನ್ನ ಅಜ್ಜಿ ಚಪ್ಪಟೆ ಎನ್ನುತ್ತಿದ್ದರು. ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ಸ್ಪರ್ಧೆಯಲ್ಲೂ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ. ನಾನು ಅದನ್ನು ಹಠ ಎಂದುಕೊಂಡೆ. ಎದುರು ಪಕ್ಷದ ಅಡ್ಡಿ ಎಂದುಕೊಂಡೆ. "ಇರಲಿ, ಚಪ್ಪಟೆಯೋ ದಪ್ಪವೋ, ಕಾಣ್ತದೆ ಅಲ್ವಾ?" ಎಂದು ಮುಂದಕ್ಕೆ ಹೋದೆ. ಚೀಟಿಯ ಮೇಲೆ ಅಂಗೈ ಇಟ್ಟೆ. ಪ್ರಾಣಿ ಮಾಯವಾಯಿತು. ಕೈ ತೆಗೆದೆ. ಬಂತು.

"ಈಗ ಎಲ್ಲಿಗೆ ಹೋಗಿತ್ತು ಅದು?" ಅಜ್ಜಿ ಕೇಳಿದರು.

"ಎಲ್ಲಿಗೂ ಹೋಗಲಿಲ್ಲ. ಮೊದಲೇ ಇರಲಿಲ್ಲ. ಕಂಡ ಮಾತ್ರಕ್ಕೆ ಇದೆ ಅಂತ ಅರ್ಥ ಅಲ್ಲ. ಹೊಸ್ತಿಲ ಹತ್ತಿರದ ಮಕ್ಕಳೂ ಹಾಗೇ. ಇಲ್ಲದವರಿಗೆ ಅನ್ನ ಯಾಕೆ?"

ಅಜ್ಜಿ ಯಂತ್ರವನ್ನು ಮೇಜಿನ ಮೇಲಿಟ್ಟರು. ಮೇಜಿನ ಅಂಚನ್ನು ಕೈಯಿಂದ ತಡವಿ, ಸರಿಯಾಗಿ ಇಟ್ಟೆನೇ ಎಂದು ನೋಡಿಕೊಂಡು ಇಟ್ಟರು. ಅದೂ ನನಗೆ ಈಗ ನೆನಪಾಗುತ್ತದೆ. ಆಮೇಲೆ ನಿಧಾನವಾಗಿ, ಶಾಲೆಯಲ್ಲಿ ಉತ್ತರ ಹೇಳುವ ಹುಡುಗಿಯಂತೆ, ಕನ್ನಡದಲ್ಲಿ ಹೇಳಿದರು:

"ನಿನ್ನ ಪೆಟ್ಟಿಗೆ ಇಲ್ಲದ್ದನ್ನು ತೋರಿಸ್ತದೆ. ಹಾಗಾದ್ರೆ ನನ್ನ ಕಣ್ಣೊಳಗೂ ಅಂಥದ್ದೇ ಎಂತದಾದ್ರೂ ಕೆಟ್ಟಿರಬಹುದು. ಅಲ್ವಾ?"

ಅರ್ಧ ಹೆಜ್ಜೆ. ಮೇಷ್ಟ್ರು ಹೇಳಿದ ಅದೇ ಅರ್ಧ ಹೆಜ್ಜೆ. ನಾನು ಎದ್ದು ನಿಂತು ಎರಡೂ ಕೈ ಮೇಲೆತ್ತಿದೆ. "ಹಾಗಾದ್ರೆ ಒಪ್ಪಿದಿರಿ! ಮಕ್ಕಳು ಇಲ್ಲ ಅಂತ ಅಜ್ಜಿಯೇ ಒಪ್ಪಿದ್ರು. ಅಮ್ಮ, ನೀವು ಸಾಕ್ಷಿ. ಅತ್ತೆ, ನಿಮ್ಮ ಪ್ರಶ್ನೆ ಕ್ಯಾನ್ಸಲ್."

ಅತ್ತೆ "ನಿನ್ನ ಹತ್ತಿರ ಯಾರಿಗೆ ಮಾತಾಡ್ಲಿಕ್ಕಾಗ್ತದೆ" ಎಂದು ಎದ್ದರು. ಅಮ್ಮ ಚಹಾ ಇಡಲು ಹೋದರು. ಅಜ್ಜಿ ಸ್ವಲ್ಪ ಹೊತ್ತು ಹೊಸ್ತಿಲ ಕಡೆ ನೋಡುತ್ತ ಕೂತಿದ್ದು, ಮತ್ತೆ ಹೂವಿನ ಬುಟ್ಟಿ ಎಳೆದುಕೊಂಡರು.

ಮರುದಿನದಿಂದ ಎಲೆ ನಿಂತಿತು. ಮಕ್ಕಳ ಸುದ್ದಿಯೂ ನಿಂತಿತು. ಅಮ್ಮ ಫೋನಿನಲ್ಲಿ "ನಿನ್ನ ಭಾಷಣದಿಂದ ಒಂದು ಉಪಕಾರ ಆಯ್ತು" ಎಂದರು. ನಾನು ಆ ಕಥೆಯನ್ನು ಹಾಸ್ಟೆಲಿನಲ್ಲಿ ಅಭಿನಯ ಸಹಿತ ಹೇಳಿದೆ. ಅಲ್ಲಿಗೂ ನಿಲ್ಲಿಸದೆ, ಮೂಢನಂಬಿಕೆಯ ಬಗ್ಗೆ ಒಂದು ಸ್ಪರ್ಧೆಯಲ್ಲಿ ವೇದಿಕೆಯ ಮೇಲೆ ಚೀಟಿಯನ್ನೂ ಯಂತ್ರವನ್ನೂ ಎತ್ತಿ ತೋರಿಸಿದೆ. ಚಪ್ಪಾಳೆ ಬಂತು. ಬಹುಮಾನದ ಕಪ್ಪು ಚಾವಡಿಯ ಶೋಕೇಸಿನಲ್ಲಿದೆ. ಅದನ್ನು ಒಳಗಿಡಲು ಅಜ್ಜಿಯೇ ತಮ್ಮ ಕುಂಕುಮದ ಭರಣಿಯನ್ನು ಆಚೆ ಸರಿಸಿದ್ದರು.

ದೀಪಾವಳಿಗೆ ಮನೆಗೆ ಬಂದೆ. ಒಳಕೋಣೆಯಲ್ಲಿ ಎಲೆಗಳನ್ನು ಹಾಕಿದ್ದೆವು. ಬಡಿಸುವುದು ಪ್ರತಿ ವರ್ಷವೂ ಅಜ್ಜಿಯೇ. ಅಪ್ಪ ಪಾತ್ರೆ ಹಿಡಿದುಕೊಂಡು ಅವರ ಹಿಂದಿನಿಂದ ಬರುತ್ತಿದ್ದರು. ದೊಡ್ಡ ಎಲೆಗಳಿಗೆ ಅನ್ನ ಬಿತ್ತು, ಕೋಳಿ ಸಾರು ಬಿತ್ತು. ಕೊನೆಗೆ ಅಜ್ಜಿ ಬಾಗಿ, ಸೌಟು ತುಂಬ ಅನ್ನವನ್ನು ಚಿಕ್ಕ ಎಲೆಯ ಪಕ್ಕದಲ್ಲಿ, ಬರೀ ನೆಲದ ಮೇಲೆ ಬಡಿಸಿದರು. ಅದರ ಮೇಲೆ ಸಾರನ್ನೂ ಬಡಿಸಿದರು. ಕೆಂಪು ಸಿಮೆಂಟಿನ ನೆಲದಲ್ಲಿ ಸಾರು ಅಪ್ಪನ ಕಾಲಿನವರೆಗೆ ಹರಿಯಿತು. ಎಲೆ ಖಾಲಿ ಇತ್ತು.

"ಆಯ್ತಲ್ಲ, ಬಾಗಿಲು ಎಳೆಯುವ" ಎಂದರು ಅಜ್ಜಿ, ಸಮಾಧಾನದಿಂದ.

ಅಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಅಪ್ಪ ಪಾತ್ರೆ ಕೆಳಗಿಟ್ಟು, ಅಜ್ಜಿಯ ಮುಖದ ಮುಂದೆ ಬಲಗಡೆಯಿಂದ ಕೈಯಾಡಿಸಿದರು. ಅಜ್ಜಿಯ ರೆಪ್ಪೆ ಮಿಟುಕಲಿಲ್ಲ.

ಹಬ್ಬ ಮುಗಿದ ಕೂಡಲೇ ಮಂಗಳೂರಿನ ಕಣ್ಣಿನ ಆಸ್ಪತ್ರೆಗೆ ಹೋದೆವು, ಅಮ್ಮ, ಅಜ್ಜಿ, ನಾನು. ಹಣೆ ಒತ್ತಿ ನೋಡುವ ಯಂತ್ರ, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವ ಯಂತ್ರ. ಡಾಕ್ಟರು ವಯಸ್ಸಾದವರು, ಊರಿನ ಕಡೆಯವರೇ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತ ಬಂದಿದೆ, ಗ್ಲಾಕೋಮಾ, ನೋವಿಲ್ಲದೆ ಬರುತ್ತದೆ, ಬಲಗಣ್ಣಿನಲ್ಲಿ ಇನ್ನು ಏನೂ ಇಲ್ಲ, ಎಡಗಣ್ಣಿನಲ್ಲಿ ಕೊಳವೆಯಲ್ಲಿ ನೋಡಿದ ಹಾಗೆ ಸ್ವಲ್ಪ ಉಳಿದಿದೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ತುಂಬ ಸಹಜವಾಗಿ ಕೇಳಿದರು:

"ಅಜ್ಜಿ, ಒಂದು ಕೇಳ್ತೇನೆ, ಹೆದರಬೇಡಿ. ನಿಮಗೆ ಇಲ್ಲದ್ದು ಎಂತದಾದ್ರೂ ಕಾಣ್ತದಾ? ಚಿಕ್ಕ ಮಕ್ಕಳು, ಬಣ್ಣದ ಬಟ್ಟೆ, ಟೊಪ್ಪಿ, ಹಾಗೆಲ್ಲ?"

ಅಜ್ಜಿ ನಾನು ಕೂತಿದ್ದ ಕಡೆಗೆ ಮುಖ ತಿರುಗಿಸಿದರು.

"ಇಲ್ಲ ಡಾಕ್ಟ್ರೇ. ಅದು ಸುಳ್ಳು ಅಂತ ತೀರ್ಮಾನ ಆಗಿದೆ."

"ಯಾರು ಮಾಡಿದ್ದು ತೀರ್ಮಾನ?"

"ಮೊಮ್ಮಗಳು. ಅವಳಿಗೆ ಅದಕ್ಕೆ ಕಪ್ಪು ಸಹ ಬಂದಿದೆ." ಹೆಮ್ಮೆಯಿಂದಲೇ ಹೇಳಿದರು. ಅದರಲ್ಲಿ ಕುಹಕ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಡಾಕ್ಟರು ನಗಲಿಲ್ಲ. ದೃಷ್ಟಿ ಹೋಗುತ್ತ ಬಂದಾಗ ಕೆಲವರಿಗೆ ಹೀಗೆ ಕಾಣುತ್ತದೆ, ಕಣ್ಣು ಕಳಿಸದ ಚಿತ್ರವನ್ನು ತಲೆಯೇ ಕಟ್ಟಿಕೊಳ್ಳುತ್ತದೆ, ಹುಚ್ಚಲ್ಲ, ಭೂತವಲ್ಲ, ಹೇಳಲು ನಾಚಿಕೆಪಟ್ಟು ಜನ ಮುಚ್ಚಿಡುತ್ತಾರೆ ಎಂದರು. ಯಾವಾಗಿನಿಂದ ಎಂದು ಕೇಳಿದರು. ಮಳೆ ಶುರುವಾದಾಗಿನಿಂದ ಎಂದು ಅಮ್ಮ ಹೇಳಿದರು. ಹೇಳಿದ ಮೇಲೆ ಅಮ್ಮ ಕೇಳಿಯೇಬಿಟ್ಟರು: "ಆಗಲೇ ಬಂದಿದ್ರೆ?"

"ಬಲಗಣ್ಣು ಆಗಲೂ ಇರ್ತಿರಲಿಲ್ಲ" ಎಂದರು ಡಾಕ್ಟರು. ಆಮೇಲೆ, "ಎಡಗಣ್ಣಿನಲ್ಲಿ ಇನ್ನಷ್ಟು ಉಳಿಸಬಹುದಿತ್ತು" ಎಂದರು. ಎಷ್ಟು ಎಂದು ನಾನು ಕೇಳಲಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು, ಯಾವ ಆಧಾರದ ಮೇಲೆ, ಎಂದು ಹಿಡಿಯುತ್ತಿದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆಯ ಫೋನ್ ಬಂತು. "ನಾನು ಆಗಲೇ ಹೇಳಿದ್ದೆ, ಪ್ರಶ್ನೆ ಇಡಿಸುವ ಅಂತ." ನನ್ನೊಳಗಿನ ವಾದಿ ತಕ್ಷಣ ಎದ್ದಳು. ಕವಡೆಗೆ ಕಣ್ಣಿನ ನರ ಕಾಣುತ್ತದೆಯೇ? ಜೋಯಿಸರು ಕಾಯಿ ಒಡೆಸಿ ಕಳಿಸುತ್ತಿದ್ದರು, ಅಷ್ಟೇ. ಇದನ್ನು ನಾನು ಈಗಲೂ ನಂಬುತ್ತೇನೆ. ಹೊಸ್ತಿಲ ಬಳಿ ಮಕ್ಕಳು ಇರಲಿಲ್ಲ ಎಂಬುದನ್ನೂ ನಂಬುತ್ತೇನೆ. ನಾನು ಹೇಳಿದ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ. ಆದರೆ ಪ್ರಶ್ನೆ ಇಡಿಸಿದ್ದರೆ ಅಜ್ಜಿ ಅಷ್ಟು ಜನರ ಎದುರು ಕೂತು ಏನು ಕಾಣುತ್ತದೆ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು. ಕೇಳುತ್ತಿದ್ದ ಯಾರಿಗಾದರೂ ಸಂಶಯ ಬರಬಹುದಿತ್ತು. ಬರದೆಯೂ ಇರಬಹುದಿತ್ತು. ನಾನಂತೂ ಅವರಿಗೆ ಹೇಳುವ ಜಾಗವನ್ನೇ ಮುಚ್ಚಿದ್ದೆ. ಆ ದಿನದಿಂದ ದೀಪಾವಳಿಯವರೆಗೆ ಅವರು ಆ ಮಕ್ಕಳ ಜೊತೆ ಒಬ್ಬರೇ ಇದ್ದರು. ಮಾತಾಡದ ಮಕ್ಕಳು, ಮಾತಾಡಬಾರದ ಅಜ್ಜಿ. "ಹಲೋ? ಲೈನಲ್ಲಿದ್ದೀಯಾ?" ಎಂದು ಎರಡು ಸಲ ಕೇಳಿ ಅತ್ತೆ ಫೋನ್ ಇಟ್ಟರು.

ಕಣ್ಣಿಗೆ ಬಿಡುವ ಔಷಧಿ ಬೆಳಿಗ್ಗೆ, ಸಂಜೆ. ಕಾಣುವುದರಲ್ಲಿ ಏನು ಬದಲಾದರೂ, ಇಲ್ಲದ ಮಕ್ಕಳು ಬಂದರೂ ಬರದಿದ್ದರೂ, ಬರೆದಿಟ್ಟು ತನ್ನಿ ಎಂದು ಡಾಕ್ಟರು ಹೇಳಿದ್ದರು. ಆ ರಜೆಯಲ್ಲಿ ಅದು ನನ್ನ ಕೆಲಸವಾಯಿತು. ದಿನಾ ಔಷಧಿ ಬಿಟ್ಟ ಮೇಲೆ ಕೇಳುತ್ತಿದ್ದೆ: "ಇವತ್ತು ಏನಾದ್ರೂ ಕಂಡಿತಾ ಅಜ್ಜಿ?" "ಇಲ್ಲ ಮಗಾ, ಎಂತದೂ ಇಲ್ಲ." ನೋಟ್‌ಪುಸ್ತಕದಲ್ಲಿ ಸಾಲಾಗಿ ಇಲ್ಲ, ಇಲ್ಲ, ಇಲ್ಲ. ಆದರೆ ಅಮ್ಮ ಒಂದು ಮಧ್ಯಾಹ್ನ ನೋಡಿದ್ದರು: ಅಜ್ಜಿ ಹೊಸ್ತಿಲು ದಾಟುವಾಗ ಯಾರಿಗೋ ದಾರಿ ಬಿಡುವವರ ಹಾಗೆ ಬದಿಗೆ ಸರಿದು ದಾಟಿದರು.

ಉಳಿದ ಕಣ್ಣನ್ನು ಪರೀಕ್ಷಿಸಲು ನನಗೆ ಹೊಳೆದದ್ದು ಮತ್ತೆ ಅದೇ ಯಂತ್ರ. ಪರದೆಯನ್ನು ಎಡಗಣ್ಣಿನ ಮುಂದೆ ಹಿಡಿದು, "ಪ್ರಾಣಿ ಕಾಣ್ತದಾ? ಎಂತ ಮಾಡ್ತಾ ಉಂಟು?" ಎಂದು ಕೇಳುವುದು. ಮೊದಲ ದಿನ "ಕಾಣ್ತದೆ, ಆಕಳಿಸ್ತಾ ಉಂಟು" ಎಂದರು. ಎರಡನೆಯ ದಿನವೂ ಹಾಗೆಯೇ. ಐದನೆಯ ದಿನವೋ ಆರನೆಯ ದಿನವೋ ನಾನು ಕೇಳಿದೆ, ಅಜ್ಜಿ ಕೂಡಲೇ, "ಉಂಟು ಮಗಾ, ಆಕಳಿಸ್ತಾ ಉಂಟು" ಎಂದರು. ಚೀಟಿ ಮೇಜಿನ ಮೇಲೆ ಇರಲಿಲ್ಲ. ಇಡಲು ಮರೆತಿದ್ದೆ. ಪರದೆಯಲ್ಲಿ ಬರೀ ಮೇಜು, ಭರಣಿ.

ಅವರಿಗೆ ಅದು ಕಂಡಿತೋ, ನನಗೆ ಬೇಕಾದ ಉತ್ತರ ಯಾವುದೆಂದು ಅವರು ಕಲಿತುಬಿಟ್ಟಿದ್ದರೋ ನನಗೆ ತಿಳಿಯಲಿಲ್ಲ. ಎರಡನೆಯದೇ ಇರಬೇಕು. ಹಾಗಿದ್ದರೆ ನನ್ನ ಪುಸ್ತಕದಲ್ಲಿದ್ದ ಅಷ್ಟೂ ಇಲ್ಲಗಳಿಗೆ ಏನು ಬೆಲೆ? ಇನ್ನು ಕಣ್ಣು ಇನ್ನಷ್ಟು ಕೆಟ್ಟರೂ ಅವರು ನನಗೆ ಹೇಳುವವರಲ್ಲ.

ಯಂತ್ರ ಮಡಚಿಟ್ಟೆ. ಅವರ ಕಾಲ ಬುಡದಲ್ಲಿ ನೆಲದ ಮೇಲೆ ಕೂತೆ. ಅಷ್ಟೂ ದಿನ ನಾನು ಕೇಳುತ್ತಿದ್ದದ್ದು ಕನ್ನಡದಲ್ಲಿ ಎಂದು ಆಗ ಗಮನಕ್ಕೆ ಬಂತು. ಡಾಕ್ಟರಿಗೆ ಬರೆಯಬೇಕಲ್ಲ ಎಂದು ಹಾಗೆಯೇ ಬಂದುಬಿಟ್ಟಿತ್ತು. ಈಗ ತುಳುವಿನಲ್ಲಿ ಕೇಳಿದೆ. "ಇನಿ ಏರ್ ಬೈದೆರ್ ಅಜ್ಜಿ?" ಇವತ್ತು ಯಾರು ಬಂದಿದ್ದಾರೆ ಎಂದು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ.

ಅಜ್ಜಿ ಕೈ ಚಾಚಿ ನನ್ನ ತಲೆಯನ್ನು ತಡವಿ ನೋಡಿದರು.

"ನೀನು ಆಮೇಲೆ ಇಲ್ಲ ಅಂತ ಮಾಡುವುದಿಲ್ಲ ಅಲ್ಲ?"

"ಇಲ್ಲ."

"ಪೆಟ್ಟಿಗೆ ತರುವುದಿಲ್ಲ?"

"ಒಳಗಿಟ್ಟೆ."

"ಉಳಿದವರು ಹಬ್ಬದ ನಂತರ ಬರಲಿಲ್ಲ. ಕೆಂಪು ಫ್ರಾಕಿನವಳು ಮಾತ್ರ ಬರ್ತಾಳೆ. ಮೊದಲು ಮುಖ ಕಾಣ್ತಿತ್ತು. ಈಗ ಫ್ರಾಕ್ ಮಾತ್ರ ಉಂಟು. ಮುಖದ ಜಾಗದಲ್ಲಿ ಬಾಗಿಲಿನ ಮರ." ಇಷ್ಟು ಹೇಳಿ, ಕೇಳಿದರು: "ಔಷಧಿ ಬಿಟ್ಟದ್ದಕ್ಕೆ ಹೀಗೆ ಆಗುವುದಾ?"

ನನಗೆ ಗೊತ್ತಿಲ್ಲ ಎಂದೆ. ಹಾಗೆ ಹೇಳಿ ನನಗೆ ಅಭ್ಯಾಸವಿರಲಿಲ್ಲ. ಡಾಕ್ಟರನ್ನು ಕೇಳುವ ಎಂದೆ. ಪುಸ್ತಕ ತೆಗೆದು, ಆ ದಿನದ ಸಾಲಿನಲ್ಲಿ ಬರೆದೆ: ಒಬ್ಬಳು. ಕೆಂಪು ಫ್ರಾಕ್. ಮುಖ ಕಾಣುವುದಿಲ್ಲ.

"ಬರೆದೆಯಾ?"

"ಬರೆದೆ."

"ಹೆಸರು ಬರೆದೆಯಾ?"

ವರ್ಷ ವರ್ಷವೂ ಆ ಚಿಕ್ಕ ಎಲೆಯನ್ನು ಕೊಯ್ದು ತಂದವಳು ನಾನು. ಅಪ್ಪನ ಆ ಅಕ್ಕನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದೆ. ಅಜ್ಜಿ ಹೇಳಿದರು. ಅದನ್ನು ಆ ಪುಸ್ತಕದಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ.